ಇಮೋಜಿ ಬರದ ಕಂಪ್ಯೂಟರ್‌ನಲ್ಲಿ ಕನ್ನಡಕ್ಕೂ ಗ್ಯಾರಂಟಿ ಇಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಇಮೋಜಿ ಅಂದರೆ ಮೊಬೈಲ್ ಹುಡುಗರ ಹುಚ್ಚಾಟ, ಕಂಪ್ಯೂಟರ್ ಕೀಬೋರ್ಡ್‌ನಲ್ಲಿ ಅದು ಬರುವುದೇ ಇಲ್ಲ, ಬೇಕಾದರೆ ಗೂಗಲ್‌ನಲ್ಲಿ ಹುಡುಕಿ ಕಾಪಿ ಮಾಡಿ ತರಬೇಕು, ಬರದಿದ್ದುದೇ ಒಳ್ಳೆಯದಾಯಿತು ಅಂತ ಲೇಖಕರು ಬರೆದಿದ್ದಾರೆ. ಹುಚ್ಚಾಟ ಅನ್ನುವುದು ಅವರವರ ರುಚಿ, ಅದನ್ನು ಬಿಡಿ. ಆದರೆ ಕೀಬೋರ್ಡ್‌ನಲ್ಲಿ ಬರುವುದಿಲ್ಲ ಅನ್ನುವುದು ತಪ್ಪು. ಬರದಿದ್ದರೆ ಒಳ್ಳೆಯದು ಅನ್ನುವುದಂತೂ ಕನ್ನಡಕ್ಕೇ ನಷ್ಟದ ಮಾತು. ಅದಕ್ಕೇ ಈ ಪತ್ರ.

ನಾನು ಕಲಬುರಗಿಯಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ ನಡೆಸುತ್ತೇನೆ. ಲಗ್ನಪತ್ರಿಕೆ, ತೊಟ್ಟಿಲು ಕಾರ್ಯಕ್ರಮದ ಕಾರ್ಡ್, ಉರುಸಿನ ಬ್ಯಾನರ್, ಬಾಡಿಗೆ ಕರಾರು, ಆನ್‌ಲೈನ್ ಅರ್ಜಿ, ಜೊತೆಗೆ ಝೆರಾಕ್ಸ್, ಲ್ಯಾಮಿನೇಷನ್, ಎಲ್ಲಾ ಇದೆ. ಈಗ ಯಾರೂ ಕಾಗದದ ಮೇಲೆ ಬರೆದು ತರುವುದಿಲ್ಲ. ವಾಟ್ಸಾಪ್‌ನಲ್ಲಿ ಕಳಿಸಿ, "ಇದನ್ನೇ ಹಾಕ್ರಿ ಅಣ್ಣಾ" ಅಂತಾರೆ. ಅದರಲ್ಲಿ ಹೂವು, ದೀಪ, ಕೈಮುಗಿದ ಚಿತ್ರ, ಕೆಂಪು ಹೃದಯ ಎಲ್ಲಾ ಇರುತ್ತವೆ. ಹೀಗಾಗಿ ಬೇಕೋ ಬೇಡವೋ, ದೊಡ್ಡ ಕಂಪ್ಯೂಟರ್‌ನಲ್ಲಿ ಇಮೋಜಿ ಏನಾಗುತ್ತದೆ ಅನ್ನುವುದು ನನ್ನ ದಿನದ ಕೆಲಸವೇ ಆಗಿಬಿಟ್ಟಿದೆ.

ಮೊದಲು ಸುಲಭದ್ದು ಹೇಳಿಬಿಡುತ್ತೇನೆ. ವಿಂಡೋಸ್ 10 ಅಥವಾ 11 ಇದ್ದರೆ, ಎಡಗಡೆ ಕೆಳಗೆ ಕಿಟಕಿ ಗುರುತಿನ ಕೀ ಇರುತ್ತದಲ್ಲ, ಅದನ್ನು ಒತ್ತಿ ಹಿಡಿದು ಪೂರ್ಣವಿರಾಮದ ಕೀ ಒತ್ತಿ. ಅಷ್ಟೇ. ಸಣ್ಣ ಪೆಟ್ಟಿಗೆ ತೆರೆಯುತ್ತದೆ, ಸಾಲು ಸಾಲು ಮುಖಗಳು. ಪೂರ್ಣವಿರಾಮದ ಬದಲು ಸೆಮಿಕೋಲನ್ ಒತ್ತಿದರೂ ನಡೆಯುತ್ತದೆ. ಪೆಟ್ಟಿಗೆ ತೆರೆದ ಮೇಲೆ ಇಂಗ್ಲಿಷ್‌ನಲ್ಲಿ ಹಾರ್ಟ್ ಅಂತ ಟೈಪ್ ಮಾಡಿದರೆ ಹೃದಯಗಳೇ ಮುಂದೆ ಬರುತ್ತವೆ, ಇಡೀ ಪಟ್ಟಿ ಜಾಲಾಡಬೇಕಿಲ್ಲ. ನೋಟ್‌ಪ್ಯಾಡ್, ಇಮೇಲ್, ವರ್ಡ್, ಎಲ್ಲಿ ಕರ್ಸರ್ ಮಿಣುಕುತ್ತದೋ ಅಲ್ಲಿ ಬೀಳುತ್ತದೆ. ಇದು 2017ರ ಅಕ್ಟೋಬರ್ ಅಪ್‌ಡೇಟ್‌ನಿಂದಲೇ ಇದೆ. ಮೊದಲು ಅಮೆರಿಕದ ಇಂಗ್ಲಿಷ್ ಕೀಬೋರ್ಡ್ ಇಟ್ಟುಕೊಂಡವರಿಗೆ ಮಾತ್ರ ಕೊಟ್ಟಿದ್ದರು, ಆಮೇಲೆ ಬೇರೆ ಭಾಷೆಗಳಿಗೂ ಬಂತು. ಇಷ್ಟು ವರ್ಷ ಆದರೂ ನಮ್ಮಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಹಿಡಿದು ಬರುವ ಹುಡುಗರಿಗೆ ಇದು ಗೊತ್ತಿಲ್ಲ.

ಮ್ಯಾಕ್ ಇದ್ದವರು ಕಂಟ್ರೋಲ್, ಕಮಾಂಡ್, ಸ್ಪೇಸ್ ಮೂರೂ ಒಟ್ಟಿಗೆ ಒತ್ತಬೇಕು. ನಮ್ಮ ಊರಲ್ಲಿ ಮ್ಯಾಕ್ ಇರುವವರು ಕಮ್ಮಿ, ಇದ್ದವರಿಗೆ ನನ್ನ ಸಲಹೆ ಬೇಕಿಲ್ಲ. ಲಿನಕ್ಸ್‌ನ ಅನೇಕ ಆ್ಯಪ್‌ಗಳಲ್ಲಿ ಕಂಟ್ರೋಲ್ ಹಿಡಿದು ಪೂರ್ಣವಿರಾಮ ಒತ್ತಿದರೆ ಸಿಗುತ್ತದೆ. ಕ್ರೋಮ್‌ನಲ್ಲಿ ಬರೆಯುವ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಮೆನುವಿನ ಮೇಲ್ಗಡೆಯೇ ಇಮೋಜಿ ಅಂತ ಇರುತ್ತದೆ. ವಾಟ್ಸಾಪ್ ವೆಬ್‌ನಲ್ಲಿ ಕೋಲನ್ ಹಾಕಿ ಇಂಗ್ಲಿಷ್ ಪದ ಶುರು ಮಾಡಿದರೆ ತಾನೇ ಚಿತ್ರ ತೋರಿಸುತ್ತದೆ. ವಿಂಡೋಸ್ 7 ಇನ್ನೂ ಓಡಿಸುತ್ತಿರುವವರಿಗೆ ಆ ಪೆಟ್ಟಿಗೆ ಇಲ್ಲ. ಅದಕ್ಕೆ ಕಂಪನಿಯವರು 2020ರ ಜನವರಿಯಲ್ಲೇ ಕೈ ಬಿಟ್ಟಿದ್ದಾರೆ. ಆದರೂ ನಮ್ಮ ಬೀದಿಯಲ್ಲೇ ಎರಡು ಅಂಗಡಿಗಳಲ್ಲಿ ಓಡುತ್ತಿದೆ, ಯಾಕೆ ಅಂದರೆ ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್ ಅದರಲ್ಲಿ ಚೆನ್ನಾಗಿ ಕೂತಿದೆ.

ವರ್ಡ್‌ನಲ್ಲಿ ಇನ್ನೊಂದು ಮೋಜು ಇದೆ. 1ಎಫ್600 ಅಂತ ಇಂಗ್ಲಿಷ್‌ನಲ್ಲಿ ಬರೆದು ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ, ಆ ಅಂಕಿ ಮಾಯವಾಗಿ ಹಲ್ಲು ಕಿರಿಯುವ ಮುಖ ಬರುತ್ತದೆ. ಹಾಗೇ 0ಸಿ95 ಅಂತ ಬರೆದು ಆಲ್ಟ್ ಎಕ್ಸ್ ಒತ್ತಿ ನೋಡಿ, ಕನ್ನಡದ ಕ ಬರುತ್ತದೆ. ನಾನು ಹೇಳಬೇಕೆಂದಿರುವ ವಿಷಯ ಇಲ್ಲೇ ಇದೆ. ಆ ಮುಖಕ್ಕೂ ನಮ್ಮ ಕ ಅಕ್ಷರಕ್ಕೂ ಒಂದೇ ಪಟ್ಟಿಯಲ್ಲಿ ನಂಬರ್ ಕೊಟ್ಟಿದ್ದಾರೆ. ಯೂನಿಕೋಡ್ ಅಂದರೆ ಆ ಪಟ್ಟಿ. ಅದರಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಜಪಾನಿನ ಮೊಬೈಲ್ ಕಂಪನಿಗಳು 1990ರ ದಶಕದ ಕೊನೆಯಲ್ಲೇ ಇಮೋಜಿ ಶುರು ಮಾಡಿದ್ದವು. ಡೊಕೊಮೊ ಕಂಪನಿಯ 176 ಚಿತ್ರಗಳ ಗುಂಪು 1999ರದ್ದು. ಆದರೂ ದೊಡ್ಡ ಸಂಖ್ಯೆಯಲ್ಲಿ ಅವು ಯೂನಿಕೋಡ್‌ಗೆ ಬಂದದ್ದು 2010ರ ಅಕ್ಟೋಬರ್‌ನಲ್ಲಿ, 6.0 ಆವೃತ್ತಿಯಲ್ಲಿ. ನಮ್ಮ ರೂಪಾಯಿ ಚಿಹ್ನೆ ಬಂದದ್ದೂ ಅದೇ ಆವೃತ್ತಿಯಲ್ಲೇ. ಅಂದರೆ ಈ ಮನೆಯಲ್ಲಿ ಕನ್ನಡವೇ ಹಿರಿಯ, ಇಮೋಜಿ ಮೊನ್ನೆ ಬಂದ ಕಿರಿಯ.

ಆದರೆ ನಮ್ಮ ಅಂಗಡಿ, ಕಚೇರಿ, ತರಬೇತಿ ಕೇಂದ್ರಗಳ ಕಂಪ್ಯೂಟರ್‌ನಲ್ಲಿ ಈ ಹಿರಿಯ ಇನ್ನೂ ಬೇರೆಯವರ ಅಂಗಿ ಹಾಕಿಕೊಂಡು ಓಡಾಡುತ್ತಿದ್ದಾನೆ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ನಲ್ಲಿ (ಅಕ್ಷರಗಳಿಗೆ ಆಕಾರ ಕೊಡುವುದೇ ಫಾಂಟ್) ಮಾಡಿದ ಯಾವುದಾದರೂ ಫೈಲ್ ತೆಗೆದು, ಫಾಂಟ್ ಬದಲಿಸಿ ಏರಿಯಲ್ ಮಾಡಿ ನೋಡಿ. ಕನ್ನಡ ಹೋಗಿ ಇಂಗ್ಲಿಷ್‌ನ ದೊಡ್ಡ ಪಿ, ಅದರ ಪಕ್ಕ ತಲೆ ಮೇಲೆ ಗೆರೆ ಹೊತ್ತ ಎ, ಹೀಗೆ ಏನೇನೋ ಕಾಣುತ್ತದೆ. ಫೈಲ್ ಒಳಗೆ ಕನ್ನಡ ಇರಲೇ ಇಲ್ಲ. ಇದ್ದದ್ದು ಇಂಗ್ಲಿಷ್ ಅಕ್ಷರ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿತ್ತು. ಆ ಕಾಲಕ್ಕೆ ಅದೇ ದೊಡ್ಡ ಉಪಕಾರ, ಸುಳ್ಳು ಹೇಳಬಾರದು. 1990ರ ದಶಕದಲ್ಲಿ ಬೇರೆ ಸುಲಭದ ದಾರಿ ಇರಲಿಲ್ಲ. ಆ ಸಾಫ್ಟ್‌ವೇರ್ ಮಾಡಿದವರಿಂದಲೇ ನಮ್ಮಂಥ ಅಂಗಡಿಯವರ ಹೊಟ್ಟೆ ತುಂಬಿದೆ. ಆದರೆ ವಿಂಡೋಸ್ ಎಕ್ಸ್‌ಪಿ ಬಂದಾಗಲೇ, 2001ರಲ್ಲಿ, ತುಂಗಾ ಅನ್ನುವ ಯೂನಿಕೋಡ್ ಕನ್ನಡ ಫಾಂಟ್ ಅದರ ಜೊತೆಗೇ ಬಂದಿತ್ತು. ಆಮೇಲೂ ನಾವು ವೇಷ ಕಳಚಲಿಲ್ಲ.

ಇಮೋಜಿಗೂ ಇದೇ ರೋಗ ಒಮ್ಮೆ ಬಂದಿತ್ತು, ಬಹಳ ಜನಕ್ಕೆ ಗೊತ್ತಿಲ್ಲ. ಔಟ್‌ಲುಕ್‌ನಲ್ಲಿ ಇಮೇಲ್ ಬರೆಯುವಾಗ ಕೋಲನ್ ಹಾಕಿ ಬ್ರಾಕೆಟ್ ಹಾಕಿದರೆ ಅದು ತಾನೇ ನಗುಮುಖ ಆಗುತ್ತಿತ್ತು. ಕಳಿಸಿದವರಿಗೆ ನಗು, ಓದಿದವರಿಗೆ ಕೆಲವು ಸಲ ಇಂಗ್ಲಿಷ್‌ನ ಜೆ ಅಕ್ಷರ. ಯಾಕೆ ಅಂದರೆ ಅದು ನಿಜವಾದ ಇಮೋಜಿ ಅಲ್ಲ, ವಿಂಗ್‌ಡಿಂಗ್ಸ್ ಅನ್ನುವ ಫಾಂಟ್‌ನ ಜೆ. ಆ ಫಾಂಟ್ ಇಲ್ಲದ ಕಡೆ, ಅಥವಾ ಸಾದಾ ಅಕ್ಷರದಲ್ಲಿ ಮೇಲ್ ತೆರೆದಾಗ, ವಾಕ್ಯದ ಕೊನೆಗೆ ಒಂಟಿ ಜೆ ಉಳಿಯುತ್ತಿತ್ತು. ಅದೇನಪ್ಪಾ ಜೆ ಅಂತ ಜನ ತಲೆ ಕೆಡಿಸಿಕೊಳ್ಳುತ್ತಿದ್ದರು. ಹಳೆಯ ನುಡಿ ಫೈಲ್ ಇಮೇಲ್‌ನಲ್ಲಿ ಹೋದಾಗ ಆಗುವುದೂ ಇದೇ ಅಲ್ವಾ? ವ್ಯತ್ಯಾಸ ಇಷ್ಟೇ, ಜಗತ್ತು ಆ ಜೆಯನ್ನು ನೋಡಿ ನಕ್ಕು ಯೂನಿಕೋಡ್ ಕಡೆ ಹೋಯಿತು. ನಾವು ಇಲ್ಲೇ ಕೂತಿದ್ದೇವೆ.

ಈಗ ನಮ್ಮ ಅಂಗಡಿಯ ತಾಪತ್ರಯ ಕೇಳಿ. ವಾಟ್ಸಾಪ್‌ನಿಂದ ಬಂದದ್ದು ಯೂನಿಕೋಡ್ ಕನ್ನಡ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತೇ ಇಲ್ಲ, ಅದರ 7.0 ಆವೃತ್ತಿ ಬಂದದ್ದು 2001ರಲ್ಲಿ, ಅದೇ ಕೊನೆಯ ದೊಡ್ಡ ಆವೃತ್ತಿ. ಹೀಗಾಗಿ ಬಂದ ಯೂನಿಕೋಡ್ ಕನ್ನಡವನ್ನು ಕನ್ವರ್ಟರ್‌ಗೆ ಹಾಕಿ ಹಳೆಯ ಫಾಂಟ್‌ಗೆ ಇಳಿಸಬೇಕು. ಆಗ ಇಮೋಜಿ ಇದ್ದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಅಥವಾ ಖಾಲಿ ಡಬ್ಬಿ ಬರುತ್ತದೆ. ಅದು ಹೋದರೆ ಹೋಗಲಿ ಅನ್ನಬಹುದು. ಆದರೆ ಅದರ ಜೊತೆಗೆ ಅಲ್ಲಲ್ಲಿ ಒತ್ತಕ್ಷರವೂ ಹೋಗುತ್ತದೆ, ಅರ್ಕಾವತ್ತು ಜಾಗ ಬದಲಿಸುತ್ತದೆ, ಅಂಕಿ ಮತ್ತು ಇಂಗ್ಲಿಷ್ ಪದ ಕೆಡುತ್ತವೆ. ವಧುವಿನ ಹೆಸರು ತಪ್ಪಾಗಿ ಪ್ರಿಂಟ್ ಆದರೆ ಬೀಗರು ಬಿಡುತ್ತಾರಾ? ಪ್ರಶ್ನೆ ಚಿಹ್ನೆ ಕಣ್ಣಿಗೆ ಬೀಳುತ್ತದೆ, ಹೋದ ಒತ್ತಕ್ಷರ ಬೀಳುವುದಿಲ್ಲ. ಅದಕ್ಕೇ ನಮ್ಮ ಹುಡುಗನಿಗೆ ಹೇಳಿಟ್ಟಿದ್ದೇನೆ, ಇಮೋಜಿ ಕೆಟ್ಟಿದೆ ಅಂದರೆ ಪಕ್ಕದ ಕನ್ನಡವನ್ನೂ ಒಂದೊಂದಕ್ಷರ ನೋಡು ಅಂತ.

ಕುಟುಂಬದ ಇಮೋಜಿ ನೋಡಿದ್ದೀರಲ್ಲ, ಅಪ್ಪ ಅಮ್ಮ ಮಗಳು ಒಟ್ಟಿಗೆ ನಿಂತಿರುವುದು. ಅದು ಒಂದು ಚಿತ್ರ ಅಲ್ಲ. ಮೂರು ಬೇರೆ ಬೇರೆ ಇಮೋಜಿ, ನಡುವೆ ಕಣ್ಣಿಗೆ ಕಾಣದ, ಜೋಡಿಸುವ ಒಂದು ಅಕ್ಷರ ಅವರನ್ನು ಹಿಡಿದಿರುತ್ತದೆ. ಹಳೆಯ ಕಂಪ್ಯೂಟರ್‌ನಲ್ಲಿ ತೆರೆದರೆ ಆ ಜೋಡಣೆ ಬಿಟ್ಟು, ವಾಟ್ನಿ (ಪಾಲು) ಆದ ಮನೆಯ ಹಾಗೆ ಮೂವರೂ ಬೇರೆ ಬೇರೆ ನಿಲ್ಲುತ್ತಾರೆ. ನಾವು ಕನ್ನಡದಲ್ಲಿ ರ‍್ಯಾಲಿ, ರ‍್ಯಾಂಕ್ ಅಂತ ಬರೆಯುವಾಗ ರ ಅಕ್ಷರ ಅರ್ಕಾವತ್ತಾಗಿ ಹಿಂದಕ್ಕೆ ಹೋಗದೆ ನಿಲ್ಲಬೇಕಲ್ಲ, ಅದನ್ನು ನಿಲ್ಲಿಸುವುದೂ ಇದೇ ಕಾಣದ ಅಕ್ಷರ. ಅದೇ ನಂಬರ್, ಅದೇ ಕೆಲಸಗಾರ. ಕುಟುಂಬವನ್ನು ಒಡೆಯುವ ಸಾಫ್ಟ್‌ವೇರ್ ರ‍್ಯಾಂಕ್ ಪದವನ್ನೂ ಒಡೆಯುವ ಸಂಭವ ಜಾಸ್ತಿ. ಇದು ಗೊತ್ತಾದಾಗ ನನಗೆ ನಿಜಕ್ಕೂ ಖುಷಿಯಾಯಿತು, ಸುಮ್ನೆ ಎರಡು ದಿನ ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಯಾರೂ ಅಷ್ಟು ಖುಷಿಪಡಲಿಲ್ಲ, ಅದು ಬೇರೆ ಮಾತು.

ಇನ್ನೊಂದು ನಡೆದದ್ದು ಹೇಳುತ್ತೇನೆ. ಜೇವರ್ಗಿ ಕಡೆಯ ಒಬ್ಬ ರೈತರು, ತೊಗರಿಗೆ ನೆಟೆ ರೋಗ ಬಂದು ಬೆಳೆ ಹೋಗಿತ್ತು. ಮಗನ ಕೈಲಿ ಮೊಬೈಲ್‌ನಲ್ಲಿ ದೂರು ಬರೆಸಿಕೊಂಡು ಬಂದಿದ್ದರು. ಚೆನ್ನಾಗಿಯೇ ಬರೆದಿದ್ದ ಹುಡುಗ, ಸರ್ವೆ ನಂಬರ್, ಎಕರೆ, ಬಿತ್ತಿದ ತಾರೀಕು ಎಲ್ಲಾ ಇತ್ತು. ಮೇಲ್ಗಡೆ "ಮಾನ್ಯ ಸಾಹೇಬರಿಗೆ ನಮಸ್ಕಾರ" ಅಂತ ಬರೆದು ಕೈಮುಗಿದ ಇಮೋಜಿ ಹಾಕಿದ್ದ. ಅದನ್ನು ಹಾಗೇ ಒಂದು ಆನ್‌ಲೈನ್ ಅರ್ಜಿಯ ಕಾಲಂಗೆ ಹಾಕಿ ಕಳಿಸಿದೆವು. ಸ್ವೀಕೃತಿ ಪ್ರಿಂಟ್ ತೆಗೆದರೆ ಅದರಲ್ಲಿ ಇದ್ದದ್ದು "ಮಾನ್ಯ ಸಾಹೇಬರಿಗೆ ನಮಸ್ಕಾರ" ಅಷ್ಟೇ. ಕೈಮುಗಿದ ಚಿತ್ರವೂ ಇಲ್ಲ, ಅದರ ಕೆಳಗಿನ ದೂರೂ ಇಲ್ಲ. ರೈತರು ಕಾಗದ ತಿರುಗಿಸಿ ಹಿಂದೆ ಏನಾದರೂ ಇದೆಯಾ ಅಂತ ನೋಡಿದರು. "ಬರೇ ಸಾಹೇಬರಿಗೆ ಶರಣು ಹೇಳಿ ಬಂದಂಗಾತಲ್ರೀ" ಅಂದರು.

ಇದು ಹೇಗೆ ಆಗುತ್ತದೆ ಅಂದರೆ, ಕಂಪ್ಯೂಟರ್‌ನಲ್ಲಿ ಅಕ್ಷರ ಕೂಡಿಡುವಾಗ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಜಾಗ ಸಾಕು, ಕನ್ನಡ ಅಕ್ಷರಕ್ಕೆ ಮೂರು ಬೇಕು, ಬಹುತೇಕ ಇಮೋಜಿಗೆ ನಾಲ್ಕು. ಇದು ಯುಟಿಎಫ್-8 ಅನ್ನುವ ಲೆಕ್ಕ. ಬಹಳ ಜಾಲತಾಣಗಳ ಹಿಂದೆ ಮಾಹಿತಿ ಕೂಡಿಡುವ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಇದೇ ಹೆಸರಿನ ಹಳೆಯ ಆಯ್ಕೆ ಮೂರು ಬೈಟ್‌ವರೆಗೆ ಮಾತ್ರ ಹಿಡಿಯುತ್ತದೆ. ನಾಲ್ಕನೇ ಬೈಟ್ ಕಂಡರೆ, ಸೆಟ್ಟಿಂಗ್ ಹೇಗಿದೆ ಅನ್ನುವುದರ ಮೇಲೆ, ಒಂದೋ ತಪ್ಪು ಅಂತ ಹೇಳುತ್ತದೆ, ಇಲ್ಲಾ ಅಲ್ಲಿಗೇ ಕತ್ತರಿಸಿ ಸುಮ್ಮನಾಗುತ್ತದೆ. ನಾಲ್ಕು ಬೈಟ್ ಹಿಡಿಯುವ ಆಯ್ಕೆ 2010ರಿಂದಲೇ ಇದೆ. ಹಾಕಿಕೊಂಡಿಲ್ಲ, ಅಷ್ಟೇ. ಇಮೋಜಿ ಹಾಕಿದ್ದು ಹುಡುಗನ ತಪ್ಪು ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಅರ್ಜಿಯಲ್ಲಿ ಚಿತ್ರ ಬೇಡ ಅಂತಿದ್ದರೆ ಬೇಡ ಅಂತ ಬರೆಯಲಿ, ಕಳಿಸುವ ಮೊದಲೇ ತಡೆಯಲಿ. ಒಬ್ಬರ ಇಡೀ ದೂರನ್ನು ನುಂಗಿ "ಯಶಸ್ವಿಯಾಗಿ ಸಲ್ಲಿಸಲಾಗಿದೆ" ಅಂತ ಹಸಿರು ಅಕ್ಷರದಲ್ಲಿ ತೋರಿಸಬಾರದು.

ಅದಕ್ಕಿಂತ ದೊಡ್ಡ ಮಾತು ಒಂದಿದೆ. ಈ ನಾಲ್ಕು ಬೈಟ್‌ನ ಕೇರಿಯಲ್ಲಿ ಇಮೋಜಿ ಮಾತ್ರ ಇಲ್ಲ. ನಮ್ಮ ಕಲಬುರಗಿ, ಬೀದರ್ ಕಡೆಯ ಹಳೇ ಕಾಗದಪತ್ರಗಳಲ್ಲಿ ಉರ್ದು ಜೊತೆ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯೂ ಸಿಗುತ್ತದೆ. ಓದುವವರು ಈಗ ಬೆರಳೆಣಿಕೆ. ಆ ಮೋಡಿಗೆ 2014ರಲ್ಲಿ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿತು, ಅದೂ ಈ ನಾಲ್ಕು ಬೈಟ್‌ನ ಕಡೆಯೇ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರ್‌ನಲ್ಲಿ ಸೇರಿತು, ಅದೂ ಅಲ್ಲೇ. ಅಂದರೆ ಇವತ್ತು ಒಂದು ನಗುಮುಖ ಉಳಿಸಿಕೊಳ್ಳಲು ಬರದ ಡೇಟಾಬೇಸ್, ನಾಳೆ ಯಾರಾದರೂ ಮೋಡಿ ಕಾಗದ ಟೈಪ್ ಮಾಡಿ ಹಾಕಿದರೆ ಅದನ್ನೂ ಉಳಿಸಲಾರದು. ಹಳೇ ಲಿಪಿಗಳಿಗೋಸ್ಕರ ಯಾವ ಕಂಪನಿಯೂ ಅವಸರ ಮಾಡಿ ಸಾಫ್ಟ್‌ವೇರ್ ಸರಿ ಮಾಡುತ್ತಿರಲಿಲ್ಲ. ಇಮೋಜಿ ಬರಲಿಲ್ಲ ಅಂತ ಗಿರಾಕಿಗಳು ಗದ್ದಲ ಎಬ್ಬಿಸಿದ್ದಕ್ಕೆ ಸರಿ ಮಾಡಿದರು. ಲಾಭ ಎಲ್ಲ ಲಿಪಿಗೂ ಆಯಿತು. ಹುಚ್ಚಾಟ ಅಂತ ಬರೆದ ಲೇಖಕರು ಇದನ್ನೊಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.

ಹಾಗಂತ ಇಮೋಜಿಯಲ್ಲಿ ಎಲ್ಲಾ ಸರಿ ಇದೆ ಅಂತಲ್ಲ. ಆಗಸ್ಟ್ 15, ನಮ್ಮ ಕಲ್ಯಾಣ ಕರ್ನಾಟಕ ಉತ್ಸವದ ಸೆಪ್ಟೆಂಬರ್ 17 ಬಂತು ಅಂದರೆ ನಮ್ಮ ಅಂಗಡಿಯಲ್ಲಿ ಒಂದು ಜಗಳ ಗ್ಯಾರಂಟಿ. ಮೊಬೈಲ್‌ನಲ್ಲಿ ತ್ರಿವರ್ಣ ಧ್ವಜ ಹಾಕಿ ಕಳಿಸಿರುತ್ತಾರೆ. ನಮ್ಮ ಪರದೆ ಮೇಲೆ ನೋಡಿದರೆ ಇಂಗ್ಲಿಷ್‌ನ ಐ ಮತ್ತು ಎನ್, ಎರಡು ಅಕ್ಷರ. "ನಮ್ಮ ಝಂಡಾ ಎಲ್ಲಿ ತೆಗೆದ್ರಿ?" ಅಂತಾರೆ. ನಾವು ತೆಗೆದದ್ದಲ್ಲ. ಧ್ವಜದ ಇಮೋಜಿ ಅಂದರೆ ದೇಶದ ಸಂಕೇತದ ಎರಡು ಅಕ್ಷರ, ಅದನ್ನು ನೋಡಿ ಫಾಂಟ್ ಧ್ವಜ ಬಿಡಿಸಬೇಕು. ವಿಂಡೋಸ್ ಜೊತೆ ಬರುವ ಇಮೋಜಿ ಫಾಂಟ್‌ನಲ್ಲಿ ದೇಶಗಳ ಧ್ವಜಗಳನ್ನೇ ಇಟ್ಟಿಲ್ಲ. ಫೈರ್‌ಫಾಕ್ಸ್ ತನ್ನದೇ ಇಮೋಜಿ ಫಾಂಟ್ ಇಟ್ಟುಕೊಂಡಿದೆ, ಅದರಲ್ಲಿ ತೆರೆದರೆ ಧ್ವಜ ಕಾಣುತ್ತದೆ. ಹೀಗಾಗಿ ಜಗಳ ಬಿಡಿಸಲು ಒಂದು ಫೈರ್‌ಫಾಕ್ಸ್ ಯಾವಾಗಲೂ ತೆರೆದಿಟ್ಟಿರುತ್ತೇನೆ. ನಮ್ಮ ಹಳದಿ ಕೆಂಪು ಬಾವುಟಕ್ಕಂತೂ ಇಮೋಜಿಯೇ ಇಲ್ಲ. ನವೆಂಬರ್ 1ಕ್ಕೆ ಜನ ಹಳದಿ ಹೃದಯ, ಕೆಂಪು ಹೃದಯ ಪಕ್ಕಪಕ್ಕ ಹಾಕುತ್ತಾರೆ, ಚೆನ್ನಾಗಿಯೇ ಕಾಣುತ್ತದೆ.

ಎಲ್ಲಿ ಹಾಕಬೇಕು, ಎಲ್ಲಿ ಬೇಡ ಅನ್ನುವುದಕ್ಕೂ ಸ್ವಲ್ಪ ಬುದ್ಧಿ ಬೇಕು. ಕರಾರು ಪತ್ರದಲ್ಲಿ, ರಾಜೀನಾಮೆಯಲ್ಲಿ, ಶ್ರದ್ಧಾಂಜಲಿ ಬ್ಯಾನರ್‌ನಲ್ಲಿ ಅಳುವ ಮುಖ ಹಾಕಿ ಅಂತ ಹಟ ಹಿಡಿಯುವವರಿಗೆ ನಾನೇ ಬೇಡ ಅನ್ನುತ್ತೇನೆ. ಅಂಗಡಿಯವರು ಎಸ್ಸೆಮ್ಮೆಸ್ ಕಳಿಸುವಾಗಲೂ ಹುಷಾರು. ಇಂಗ್ಲಿಷ್ ಸಂದೇಶ ಆದರೆ ಒಂದಕ್ಕೆ 160 ಅಕ್ಷರ. ಅದರಲ್ಲಿ ಒಂದೇ ಒಂದು ಇಮೋಜಿ ಸೇರಿಸಿದರೂ ಮಿತಿ 70ಕ್ಕೆ ಇಳಿಯುತ್ತದೆ, ಒಂದು ಸಂದೇಶದ ದುಡ್ಡಿನ ಬದಲು ಎರಡು ಮೂರರ ದುಡ್ಡು. ಕನ್ನಡ ಸಂದೇಶಕ್ಕೆ ಹೇಗೂ 70 ಮಾತ್ರ. ಮತ್ತೆ, ಕಣ್ಣು ಕಾಣದವರು ಕಂಪ್ಯೂಟರ್ ಬಳಸುವಾಗ ಪರದೆ ಓದುವ ಸಾಫ್ಟ್‌ವೇರ್ ಒಂದೊಂದು ಇಮೋಜಿಯ ಹೆಸರನ್ನೂ ಓದಿ ಹೇಳುತ್ತದೆ. ನೀವು ಸಾಲಾಗಿ ಹತ್ತು ನಗುಮುಖ ಒತ್ತಿದರೆ ಅವರು ಅದನ್ನು ಹತ್ತು ಸಲ ಕೇಳಿಸಿಕೊಳ್ಳಬೇಕಾಗಬಹುದು. ಒಂದು ಸಾಕು.

ಈಗ ನನ್ನ ಬೇಡಿಕೆ. ನಮ್ಮ ಭಾಗದ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಕನ್ನಡ ಟೈಪಿಂಗ್ ಅಂದರೆ ಇವತ್ತಿಗೂ ಹಳೆಯ ಫಾಂಟ್ ಹಾಕಿ ಬೆರಳು ಓಡಿಸುವುದು. ಸ್ಪೀಡ್ ಬರುತ್ತದೆ, ಆದರೆ ತಾನು ಒತ್ತಿದ್ದು ಕನ್ನಡವೋ ವೇಷದ ಇಂಗ್ಲಿಷೋ ಅಂತ ಹುಡುಗಿಗೆ ಗೊತ್ತಿರುವುದಿಲ್ಲ. ಬೆರಳಿನ ಅಭ್ಯಾಸ ಬದಲಿಸಬೇಕಾಗಿಯೇ ಇಲ್ಲ, ಕೆ.ಪಿ. ರಾವ್ ಅವರ ಕೀ ವಿನ್ಯಾಸ ಅದೇ ಇರಲಿ, ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಅದನ್ನು ಆರಿಸಿ ಕೂತರೆ ಸಾಕು. ನುಡಿ ಬೇಡ ಅನ್ನುವವರಿಗೆ ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ. 2019ರ ನಂತರದ ಅಪ್‌ಡೇಟ್‌ಗಳಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ತರುವ ಫೊನೆಟಿಕ್ ಕೀಬೋರ್ಡ್ ಕೂಡ ಬಂದಿದೆ. ಕಿಟಕಿ ಕೀ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ, ಮತ್ತೆ ಒತ್ತಿದರೆ ವಾಪಸ್. ಮೊದಲ ದಿನದ ಪಾಠದಲ್ಲೇ ಮಕ್ಕಳಿಗೆ ಒಂದು ಸಾಲು ಕನ್ನಡ, ಕೊನೆಗೆ ಒಂದು ಇಮೋಜಿ ಟೈಪ್ ಮಾಡಿಸಿ. ಆಮೇಲೆ ಫಾಂಟ್ ಬದಲಿಸಿ ತೋರಿಸಿ. ಎರಡೂ ಹಾಗೇ ಉಳಿದರೆ ಯೂನಿಕೋಡ್. ಕನ್ನಡ ಕೆಟ್ಟು ಇಮೋಜಿ ಉಳಿದರೆ ಅವರೇ ಪ್ರಶ್ನೆ ಕೇಳುತ್ತಾರೆ. ಗಂಟೆಗಟ್ಟಲೆ ಭಾಷಣ ಬೇಕಾಗುವುದಿಲ್ಲ.

ನಿಮ್ಮ ಪತ್ರಿಕೆಗೂ ಒಂದು ಮಾತು, ಬೇಜಾರಾಗಬೇಡಿ. ಓದುಗರ ಪತ್ರಗಳ ಕೆಳಗೆ ನೀವು ಹಾಕುವ ಸೂಚನೆಯಲ್ಲಿ ನುಡಿ, ಬರಹದ ಫೈಲ್ ಅಥವಾ ಪಿಡಿಎಫ್ ಮಾತ್ರ ಕಳಿಸಿ ಅಂತ ಇದೆ. ಮೊಬೈಲ್‌ನಲ್ಲಿ ಬರೆಯುವವರು ಆ ಫೈಲ್ ಎಲ್ಲಿಂದ ತರಬೇಕು? ಅವರು ನಮ್ಮಂಥ ಅಂಗಡಿಗೆ ಬಂದು, ದುಡ್ಡು ಕೊಟ್ಟು, ಸರಿಯಾಗಿದ್ದ ಕನ್ನಡವನ್ನು ಹಳೆಯ ಫಾಂಟ್‌ಗೆ ಇಳಿಸಿಕೊಂಡು ಹೋಗುತ್ತಾರೆ. ನನಗೆ ವ್ಯಾಪಾರ ಆಗುತ್ತದೆ, ಆದರೂ ಹೇಳುತ್ತಿದ್ದೇನೆ. ಇಮೇಲ್‌ನಲ್ಲೇ ಯೂನಿಕೋಡ್‌ನಲ್ಲಿ ಬರೆದದ್ದನ್ನೂ ತೆಗೆದುಕೊಳ್ಳುತ್ತೇವೆ ಅಂತ ಒಂದು ಸಾಲು ಸೇರಿಸಿ. ಇಮೋಜಿ ಇದ್ದರೆ ನಿಮ್ಮ ಡೆಸ್ಕಿನವರು ತೆಗೆದುಹಾಕಲಿ, ಅದಕ್ಕೆ ಯಾರೂ ಜಗಳ ಆಡುವುದಿಲ್ಲ.

ಇಂತಿ ನಿಮ್ಮ ಓದುಗ,
ಡಿಟಿಪಿ ಅಂಗಡಿಯವ, ಕಲಬುರಗಿ